ಗಾಯದಡಿಯಲ್ಲಿ ಮಿಡಿಯುವ ಗಡ್ಡೆ

ಮಕ್ಕಳೇ, ಹೆಬ್ಬೆರಳಿನ ಬುಡದ ನೇರಕ್ಕೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನೋಡಿ. ಟಕ್ ಟಕ್ ಎಂದು ಬಡಿಯುತ್ತಿದೆಯಲ್ಲ? ಅದು ಅಪಧಮನಿ. ಹೃದಯ ಒತ್ತಿದಾಗಲೆಲ್ಲ ಅದರೊಳಗೆ ರಕ್ತ ನುಗ್ಗಿ ಬರುತ್ತದೆ. ಆ ರಭಸ ತಡೆಯಲು ಅದರ ಗೋಡೆಗೆ ಮೂರು ಪದರಗಳಿವೆ.

ಸೈಕಲ್ಲಿನ ಟಯರು ಸೀಳಿದ ಕಡೆ ಒಳಗಿನ ಟ್ಯೂಬು ಬುರ್ರನೆ ಉಬ್ಬಿ ಇಣುಕುವುದನ್ನು ನೋಡಿದ್ದೀರಾ? ಚಾಕು, ಗುಂಡು ಅಥವಾ ಮುರಿದ ಮೂಳೆಯ ಚೂರು ತಗುಲಿ ಅಪಧಮನಿಯ ಗೋಡೆ ಹರಿದರೂ ಹಾಗೆಯೇ ಆಗುತ್ತದೆ. ಹೊರಗಿನ ಗಾಯ ಮಾಯುತ್ತದೆ. ಒಳಗೆ ಮಾತ್ರ ಸೋರಿದ ರಕ್ತವನ್ನು ಸುತ್ತಲಿನ ಮಾಂಸವೇ ಚೀಲದಂತೆ ಹಿಡಿದಿಡುತ್ತದೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಅಲ್ಲೊಂದು ಗಡ್ಡೆ ಕಾಣಿಸಿಕೊಂಡು, ನಾಡಿಯ ಜೊತೆಜೊತೆಗೇ ಮಿಡಿಯುತ್ತದೆ. ಇದು ಒಂದು ಬಗೆಯ ಅನ್ಯೂರಿಸಮ್. ಒಡೆದರೆ ಪ್ರಾಣಕ್ಕೇ ಅಪಾಯ.

1888ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನ ಆಸ್ಪತ್ರೆಗೆ ಅಂಥ ಗಡ್ಡೆ ಹೊತ್ತ ಯುವಕನೊಬ್ಬ ಬಂದ. ತೋಟದ ಕೆಲಸಗಾರ. ಬಂದೂಕಿನ ಚರೆ ತಗುಲಿದ್ದ ತೋಳಿನಲ್ಲಿ ಉಬ್ಬು ಎದ್ದಿತ್ತು. ಅವನನ್ನು ನೋಡಿದ ವೈದ್ಯ ರುಡಾಲ್ಫ್ ಮಾಟಾಸ್‌ಗೆ ಆಗ ಇಪ್ಪತ್ತೇಳೇ ವರ್ಷ. ಹಳೆಯ ಕ್ರಮದಂತೆ ಅವರು ಗಡ್ಡೆಯ ಮೇಲುಭಾಗದಲ್ಲಿ ಅಪಧಮನಿಯನ್ನು ದಾರದಿಂದ ಬಿಗಿದು ಕಟ್ಟಿದರು. ಮಿಡಿತ ನಿಂತಿತು. ಕೆಲವು ದಿನ ಕಳೆಯುವಷ್ಟರಲ್ಲಿ ಮತ್ತೆ ಶುರು! ಕೆಳಗೂ ಕಟ್ಟಿದರು. ಆಗಲೂ ನಿಲ್ಲಲಿಲ್ಲ.

ಕಾಲುವೆಗೆ ಅಡ್ಡ ಕಟ್ಟಿದರೆ ನೀರು ಪಕ್ಕದ ತೋಡುಗಳಲ್ಲಿ ದಾರಿ ಹುಡುಕಿಕೊಂಡು ಗದ್ದೆಗೆ ಬರುವುದಿಲ್ಲವೇ? ತೋಳಿನಲ್ಲೂ ಸಣ್ಣ ಕವಲು ನಾಳಗಳಿವೆ. ರಕ್ತ ಅವುಗಳ ಮೂಲಕ ಚೀಲಕ್ಕೆ ಬರುತ್ತಿತ್ತು. ಮಾಟಾಸ್ ಚೀಲವನ್ನೇ ಸೀಳಿ ತೆರೆದರು. ಒಳಗೆ ಕವಲುಗಳ ಪುಟ್ಟ ಬಾಯಿಗಳು ಕಂಡವು. ಒಂದೊಂದನ್ನೂ ಒಳಗಿನಿಂದಲೇ ಹೊಲಿದು ಮುಚ್ಚಿದರು. ಚೀಲವನ್ನು ಕತ್ತರಿಸಿ ತೆಗೆಯಲು ಹೋಗಿದ್ದರೆ ಸುತ್ತಲಿನ ಕವಲುಗಳಿಗೂ ಪೆಟ್ಟಾಗುತ್ತಿತ್ತು. ಕೈಗೆ ರಕ್ತ ಒದಗಿಸುತ್ತಿದ್ದುದೂ ಅವೇ ಕವಲುಗಳು. ತೋಳು ಉಳಿಯಿತು. ನನಗೆ ಈ ಕಥೆಯಲ್ಲಿ ಬಹಳ ಇಷ್ಟವಾಗುವುದು, ಎರಡು ಸಲ ಸೋತರೂ ಆ ವೈದ್ಯರು ‘ರಕ್ತ ಎಲ್ಲಿಂದ ಬರುತ್ತಿದೆ?’ ಎಂದು ಹುಡುಕುವುದನ್ನು ಬಿಡದಿದ್ದುದು.

ಇಂದು ಸ್ಕ್ಯಾನ್ ಮಾಡಿ ಗಡ್ಡೆಯ ಒಳಗನ್ನು ಮೊದಲೇ ನೋಡಬಹುದು. ಅಪಧಮನಿಯ ಕೆಟ್ಟ ತುಂಡನ್ನು ತೆಗೆದು, ರೋಗಿಯದೇ ಕಾಲಿನ ರಕ್ತನಾಳದ ತುಂಡನ್ನು ಅಲ್ಲಿಗೆ ಹೊಲಿಯುತ್ತಾರೆ. ಕೆಲವರಿಗೆ ನಾಳದೊಳಗಿಂದಲೇ ಬಟ್ಟೆ ಹೊದಿಸಿದ ಸ್ಟೆಂಟ್ ಎಂಬ ಪುಟ್ಟ ಕೊಳವೆಯನ್ನು ಕೂರಿಸುತ್ತಾರೆ.

ಹಳೆಯ ಪೆಟ್ಟಿನ ಜಾಗದಲ್ಲಿ ಗಡ್ಡೆ ಎದ್ದು ಮಿಡಿಯುತ್ತಿದ್ದರೆ ಕುರು ಎಂದು ಹಿಸುಕಬೇಡಿ, ಎಣ್ಣೆ ಹಚ್ಚಿ ತಿಕ್ಕಲೂಬೇಡಿ. ಅಂದೇ ಮನೆಯ ದೊಡ್ಡವರಿಗೆ ತೋರಿಸಿ, ಅವರೊಂದಿಗೆ ಡಾಕ್ಟರ ಹತ್ತಿರ ಹೋಗಿ.