ಕೆಂಪು ಶಾಯಿ ತಾಗದ ಪುಸ್ತಕ
(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ದಿನಚರಿ ಬರೆಯುವುದರ ಕುರಿತು ಮಾತನಾಡಬೇಕೆಂದು ಸಮಿತಿಯವರು ಅಪೇಕ್ಷಿಸಿದಾಗ ನನಗೆ ಮೊದಲು ನೆನಪಾದುದು ನಾನೇ ಮಾಡಿದ ಒಂದು ತಪ್ಪು. ಈ ಶಾಲೆಯಲ್ಲಿ ಓದಿ, ಮುಂದೆ ಬೇರೊಂದು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಕಾಲವದು. ಏಳನೆಯ ತರಗತಿಯ ಮಕ್ಕಳಿಗೆ 'ಮಳೆಗಾಲ' ಎಂಬ ಪ್ರಬಂಧ ಬರೆಯಲು ಹೇಳಿದ್ದೆ. ಎಲ್ಲರೂ ಕಪ್ಪೆಯ ದನಿಯನ್ನೂ ಹಸುರು ಗದ್ದೆಯನ್ನೂ ವರ್ಣಿಸಿದರು. ಒಬ್ಬ ಹುಡುಗ ಮಾತ್ರ ಆಟಿಯ ಒಂದು ಸಂಜೆ ತೋಡು ತುಂಬಿ ಹರಿದುದನ್ನು, ಅಡಕೆ ಮರದ ಸಂಕ ಜಾರಿದುದನ್ನು, ಮರುದಿನ ತಮ್ಮನ ಕೊಡೆ ಮಾತ್ರ ಕೆಳಗಿನ ಕಟ್ಟದಲ್ಲಿ ಸಿಕ್ಕಿದುದನ್ನು ಬರೆದಿದ್ದ. ನಾನು ಕಾಗುಣಿತದ ಹನ್ನೊಂದು ತಪ್ಪುಗಳಿಗೆ ಕೆಂಪು ಗೆರೆ ಎಳೆದು, 'ವಿಷಯಾಂತರವಾಗಿದೆ' ಎಂದು ಷರಾ ಬರೆದು, ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆ. ಕಟ್ಟಿದ ಕಥೆಯೆಂದೇ ಭಾವಿಸಿದ್ದೆ. ಮರುವಾರ ಅವನ ತಾಯಿ ಬಂದರು. ಆಕೆ ಹೇಳಿದ್ದು ಇಷ್ಟೆ: "ಆ ದಿನದ ಮಾತನ್ನು ಅವನು ಮನೆಯಲ್ಲಿ ಎತ್ತಿದವನೇ ಅಲ್ಲ ಟೀಚರ್. ಮೊದಲು ಹೇಳಿದ್ದು ನಿಮ್ಮಲ್ಲಿ."

ಎಳೆದ ಗೆರೆಯನ್ನು ಅಳಿಸುವಂತಿರಲಿಲ್ಲ. ಮರುದಿನ ಅವನ ಕೈಗೆ ನೂರು ಪುಟದ ಹೊಸ ಪುಸ್ತಕವೊಂದನ್ನು ಕೊಟ್ಟು, "ಇದನ್ನು ನಾನು ನೋಡುವುದೂ ಇಲ್ಲ, ತಿದ್ದುವುದೂ ಇಲ್ಲ" ಎಂದೆ. ಅಂದು ಅದು ಪಶ್ಚಾತ್ತಾಪದಿಂದ ಮಾಡಿದ ಕೆಲಸ. ಅದರ ಹಿಂದೆ ಶಾಸ್ತ್ರವೂ ಉಂಟೆಂದು ತಿಳಿದುದು ತುಂಬ ತಡವಾಗಿ.

ಅಮೆರಿಕದ ಮನೋವಿಜ್ಞಾನಿಗಳಾದ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ 1986ರಲ್ಲಿ ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷದಂತೆ, ತಮ್ಮ ಬದುಕಿನ ದೊಡ್ಡ ನೋವನ್ನು ಬರೆದರು. ಇನ್ನು ಕೆಲವರು ಸಾಮಾನ್ಯ ಸಂಗತಿಗಳನ್ನು ಬರೆದರು. ನೋವನ್ನು ಬರೆದವರ ಮನಸ್ಸು ಬರೆದ ಕೂಡಲೇ ಹಗುರವಾಗಲಿಲ್ಲ, ಇನ್ನಷ್ಟು ಕಲಕಿತು. ಆದರೆ ನಡೆದುದನ್ನೂ ಅನಿಸಿದುದನ್ನೂ ಒಟ್ಟಿಗೆ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದುದು ಕಡಿಮೆ. ಮುಂದಿನ ಅಧ್ಯಯನಗಳಲ್ಲಿ ಇನ್ನೊಂದು ಅಂಶ ಕಂಡುಬಂತು. ದಿನ ಕಳೆದಂತೆ ಯಾರ ಬರವಣಿಗೆಯಲ್ಲಿ 'ಏಕೆಂದರೆ', 'ಈಗ ತಿಳಿಯಿತು' ಎಂಬಂಥ ಮಾತುಗಳು ಹೆಚ್ಚಿದವೋ ಅವರಿಗೆ ಹೆಚ್ಚು ಪ್ರಯೋಜನವಾಗಿತ್ತು. ಎಂದರೆ ಅಳಲನ್ನು ಹೊರಹಾಕುವುದಷ್ಟೇ ಸಾಲದು. ಚೆಲ್ಲಾಪಿಲ್ಲಿಯಾದುದಕ್ಕೆ ಒಂದು ಕ್ರಮ ಮೂಡಬೇಕು.

ಇದು ಸರ್ವರೋಗಕ್ಕೂ ಮದ್ದೆಂದು ನಾನು ಹೇಳಲಾರೆ. ಒಂದೇ ದುಃಖವನ್ನು ಒಂದೇ ಮಾತಿನಲ್ಲಿ ಪುಟಗಟ್ಟಲೆ ಬರೆಯುವವರು ಗಾಯವನ್ನು ಕೆರೆದುಕೊಳ್ಳುತ್ತಿರುವುದೂ ಉಂಟು. ಅಂಥವರು ಬೇರೆ ವಿಷಯಕ್ಕೆ ತಿರುಗುವುದು ಲೇಸು. ನಿದ್ದೆ, ಊಟ ಕೆಟ್ಟವರನ್ನು ಪುಸ್ತಕದ ಮುಂದೆ ಕೂರಿಸದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ನಮ್ಮ ಕಾಸರಗೋಡಿನ ಮಗುವಿಗೆ ಮತ್ತೊಂದು ತೊಡಕಿದೆ. ಮನೆಯಲ್ಲಿ ತುಳುವೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ನೋವನ್ನು ಯಾವ ಭಾಷೆಯಲ್ಲಿ ಬರೆಯಬೇಕು? ಕನ್ನಡದ ಅಧ್ಯಾಪಿಕೆಯಾಗಿ ನಾನು ಕನ್ನಡವೆನ್ನಬೇಕಾಗಿತ್ತು. ಆದರೆ ಅಜ್ಜಿ ಕರೆದ ಹೆಸರು ತುಳುವಿನಲ್ಲಿದ್ದರೆ ಅದು ಹಾಗೆಯೇ ಪುಟಕ್ಕೆ ಬರಲಿ. ನೂರು ವರ್ಷಗಳಿಂದ ಈ ಶಾಲೆ ಕಲಿಸಿದ ಅಕ್ಷರಗಳಲ್ಲಿ ಅದನ್ನೂ ಬರೆಯಬಹುದು. ಕನ್ನಡ ಇದರಿಂದ ಕಿರಿದಾಗುವುದಿಲ್ಲ.

ಇನ್ನು ಸಾಹಿತ್ಯದ ಮಾತು. ಆನ್ ಫ್ರಾಂಕ್ ಎಂಬ ಬಾಲಕಿಗೆ 1942ರ ಜೂನ್ 12ರಂದು, ಹದಿಮೂರನೆಯ ಹುಟ್ಟುಹಬ್ಬಕ್ಕೆ, ದಿನಚರಿ ಪುಸ್ತಕ ಸಿಕ್ಕಿತು. ಅಡಗುತಾಣದಲ್ಲಿ ಎರಡು ವರ್ಷ ಅವಳು ಬರೆದಳೆಂಬುದು ಎಲ್ಲರಿಗೂ ಗೊತ್ತು. ಅವಳು ಅದನ್ನು ತಿದ್ದಿ ಬರೆದಳೆಂಬುದು ಅಷ್ಟಾಗಿ ಗೊತ್ತಿಲ್ಲ. 1944ರ ಮಾರ್ಚಿನಲ್ಲಿ, ಯುದ್ಧಕಾಲದ ದಿನಚರಿಗಳನ್ನೂ ಪತ್ರಗಳನ್ನೂ ಉಳಿಸಿಡಿರೆಂದು ಡಚ್ ಸಚಿವರೊಬ್ಬರು ಲಂಡನ್ನಿನಿಂದ ರೇಡಿಯೋದಲ್ಲಿ ಕೇಳಿಕೊಂಡರು. ಅದನ್ನು ಕೇಳಿದ ಮೇಲೆ ಅವಳು ಹಳೆಯ ಪುಟಗಳನ್ನು ಮುಂದಿಟ್ಟುಕೊಂಡು ಕೆಲವನ್ನು ಬಿಟ್ಟು, ಕೆಲವನ್ನು ಬೆಳೆಸಿ ಬರೆಯತೊಡಗಿದಳು. ನೋವು ಮೊದಲ ಬರಹದಲ್ಲಿತ್ತು. ಲೇಖಕಿ ಕಾಣಿಸಿಕೊಂಡುದು ಎರಡನೆಯದರಲ್ಲಿ. ನಮ್ಮ ಕುವೆಂಪು ಅವರೂ 'ನೆನಪಿನ ದೋಣಿಯಲ್ಲಿ' ಬರೆಯುವಾಗ ತಮ್ಮ ಹಳೆಯ ದಿನಚರಿಯ ಪುಟಗಳನ್ನು ಬಳಸಿಕೊಂಡಿದ್ದಾರೆ. ಆದುದರಿಂದ ಬರೆದ ಮಾರನೆಯ ದಿನವೇ ಪತ್ರಿಕೆಗೆ ಕಳುಹಿಸಲು ಅವಸರಪಡುವ ಎಳೆಯರಿಗೆ ನನ್ನ ಮಾತೆಂದರೆ, ಪುಸ್ತಕ ಸ್ವಲ್ಪ ಕಾಲ ಪೆಟ್ಟಿಗೆಯಲ್ಲಿರಲಿ. 'ತುಂಬ ದುಃಖವಾಯಿತು' ಎಂದು ಬರೆದಿದ್ದರೆ ಅದು ಮುಂದೆ ಕೆಲಸಕ್ಕೆ ಬಾರದು. ಕಟ್ಟದಲ್ಲಿ ಸಿಕ್ಕಿದ ಕೊಡೆ ಕೆಲಸಕ್ಕೆ ಬರುತ್ತದೆ.

ಹೆತ್ತವರಲ್ಲಿ ಒಂದು ಬಿನ್ನಹವಿದೆ. ಮಗುವಿನ ದಿನಚರಿಯನ್ನು ಕದ್ದು ಓದಬೇಡಿ. ಒಮ್ಮೆ ಓದಿದಿರೆಂದು ಗೊತ್ತಾದರೆ ಮುಂದಿನ ಪುಟಗಳನ್ನು ಮಗು ನಿಮಗಾಗಿ ಬರೆಯುತ್ತದೆ, ತನಗಾಗಿ ಅಲ್ಲ. ಮುಖ ಬಾಡಿದ್ದರೆ ಬಳಿ ಕುಳಿತು ಕೇಳಿ.

ಆ ಹುಡುಗ ಪುಸ್ತಕವನ್ನು ನನಗೆ ಎಂದೂ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಶಾಲೆ ಬಿಟ್ಟು ಹೋಗುವ ದಿನ ಅಧ್ಯಾಪಕರ ಕೋಣೆಯ ಬಾಗಿಲಲ್ಲಿ ನಿಂತು, "ಅದು ಮುಗಿಯಿತು ಟೀಚರ್, ಇನ್ನೊಂದು ಉಂಟಾ?" ಎಂದು ಕೇಳಿದ.