ಕ್ಯಾಲಿಫೋರ್ನಿಯ: ಒಲವು, ಅಸೂಯೆ, ಮುನಿಸು

ಅಮೆರಿಕದ ಐವತ್ತು ರಾಜ್ಯಗಳಲ್ಲಿ ಹೆಚ್ಚಿನವುಗಳ ಬಗ್ಗೆ ಹೊರಗಿನವರಿಗೆ ಗಟ್ಟಿಯಾದ ಅಭಿಪ್ರಾಯವೇನೂ ಇರುವುದಿಲ್ಲ. ಕ್ಯಾಲಿಫೋರ್ನಿಯದ ಮಾತು ಬೇರೆ. ಅಲ್ಲಿಗೆ ಒಮ್ಮೆಯೂ ಕಾಲಿಡದವರು ಕೂಡ ಅದನ್ನು ಹೊಗಳುತ್ತಾರೆ ಅಥವಾ ಶಪಿಸುತ್ತಾರೆ. ಆ ನಾಡಿನ ಹೆಸರೇ ಒಂದು ಕಲ್ಪನೆಯಿಂದ ಹುಟ್ಟಿದ್ದು. ಹದಿನಾರನೆಯ ಶತಮಾನದ ಆರಂಭದಲ್ಲಿ ಸ್ಪೇನಿನ ಮೊಂಟಾಲ್ವೊ ಎಂಬ ಲೇಖಕ ತನ್ನ ಸಾಹಸಕಥೆಯೊಂದರಲ್ಲಿ ಚಿನ್ನ ತುಂಬಿದ, ರಾಣಿಯೊಬ್ಬಳು ಆಳುವ ದ್ವೀಪವನ್ನು ಚಿತ್ರಿಸಿ ಅದನ್ನು ಕ್ಯಾಲಿಫೋರ್ನಿಯ ಎಂದು ಕರೆದ. ಸ್ಪೇನಿನ ನಾವಿಕರು ಆ ಹೆಸರನ್ನು ತಾವು ಕಂಡ ಕರಾವಳಿಗೆ ಇಟ್ಟರು. ಕಣ್ಣಿಗೆ ಬೀಳುವ ಮೊದಲೇ ಮನಸ್ಸಿನಲ್ಲಿ ನೆಲೆಗೊಂಡ ನಾಡು ಅದು. ಅದನ್ನು ಪ್ರೀತಿಸುವವರ, ಕರುಬುವವರ, ಹಳಿಯುವವರ ಮಾತುಗಳಲ್ಲಿ ಇಂದಿಗೂ ಕಲ್ಪನೆಯ ಪಾಲು ದೊಡ್ಡದು. ಆ ಕಲ್ಪನೆಯ ಅಡಿಯಲ್ಲಿರುವ ವಾಸ್ತವವನ್ನು ಪರಿಶೀಲಿಸುವುದು ಈ ಉಪನ್ಯಾಸದ ಉದ್ದೇಶ.

ಮೊದಲು ಒಲವಿನ ಕಾರಣಗಳು. ಬಿಸಿಲು, ಸಮುದ್ರ, ಸಿನಿಮಾ ಇವು ಎಲ್ಲರಿಗೂ ತಿಳಿದಿರುವಂಥವು. ಅವುಗಳಿಗಿಂತ ಗಟ್ಟಿಯಾದ ಕಾರಣಗಳೂ ಇವೆ. 1960ರಲ್ಲಿ ಈ ರಾಜ್ಯ ಉನ್ನತ ಶಿಕ್ಷಣಕ್ಕೊಂದು ಸಮಗ್ರ ಯೋಜನೆಯನ್ನು ರೂಪಿಸಿ, ಸಮುದಾಯ ಕಾಲೇಜಿನಿಂದ ಸಂಶೋಧನಾ ವಿಶ್ವವಿದ್ಯಾಲಯದವರೆಗೆ ಸಾಮಾನ್ಯ ಕುಟುಂಬದ ಮಕ್ಕಳಿಗೆ ಮೆಟ್ಟಿಲು ಕಟ್ಟಿಕೊಟ್ಟಿತು. 1964ರಲ್ಲಿ ಬರ್ಕ್ಲಿಯ ವಿದ್ಯಾರ್ಥಿಗಳು ವಾಕ್ ಸ್ವಾತಂತ್ರ್ಯಕ್ಕಾಗಿ ಎದ್ದು ನಿಂತರು. 1965ರಲ್ಲಿ ಡೆಲಾನೊದ ದ್ರಾಕ್ಷಿ ತೋಟಗಳಲ್ಲಿ ಲ್ಯಾರಿ ಇಟ್ಲಿಯಾಂಗ್ ಅವರ ನೇತೃತ್ವದಲ್ಲಿ ಫಿಲಿಪಿನೊ ಕೂಲಿಕಾರರು ಕೆಲಸ ನಿಲ್ಲಿಸಿದರು. ಮೆಕ್ಸಿಕನ್ ಮೂಲದ ಕಾರ್ಮಿಕರು ಅವರ ಜೊತೆಗೂಡಿದರು. ಐದು ವರ್ಷಗಳ ಹೋರಾಟದ ನಂತರ ತೋಟದ ಮಾಲೀಕರು ಒಪ್ಪಂದಕ್ಕೆ ಬಂದರು. ವಾಹನಗಳ ಹೊಗೆಯ ಮೇಲೆ ಕಠಿಣ ನಿಯಮಗಳನ್ನು ಮೊದಲು ತಂದ ರಾಜ್ಯವೂ ಇದೇ. ಇಂದು ಇಲ್ಲಿ ವಾಸಿಸುವ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಬೇರೆ ದೇಶದಲ್ಲಿ ಹುಟ್ಟಿದವರು. ಎಲ್ಲಿಂದಲೋ ಬಂದವರಿಗೆ ಈ ನಾಡಿನಲ್ಲಿ ತಮ್ಮ ಉಚ್ಚಾರಣೆಗಾಗಿ ನಾಚಿಕೊಳ್ಳಬೇಕಾದ ಸಂದರ್ಭ ಕಡಿಮೆ. ಒಲವಿಗೆ ಇದೇನೂ ಸಣ್ಣ ಕಾರಣವಲ್ಲ.

ಅಸೂಯೆಗೆ ಅಂಕಿಅಂಶಗಳೇ ಸಾಕು. 2024ರಲ್ಲಿ ಈ ರಾಜ್ಯದ ಒಟ್ಟು ಉತ್ಪನ್ನ ಸುಮಾರು 4.1 ಲಕ್ಷ ಕೋಟಿ ಡಾಲರ್ ಮುಟ್ಟಿತು. ದೇಶಗಳ ಸಾಲಿನಲ್ಲಿ ನಿಲ್ಲಿಸಿದರೆ ಅದು ಆ ವರ್ಷ ಜಪಾನನ್ನು ಹಿಂದಿಕ್ಕಿ ನಾಲ್ಕನೆಯ ಸ್ಥಾನಕ್ಕೆ ಬಂದಿತ್ತು. ಅಮೆರಿಕದ ಹಣ್ಣು ಮತ್ತು ಒಣಬೀಜಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು, ತರಕಾರಿಯಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಇಲ್ಲಿಯೇ ಬೆಳೆಯುತ್ತದೆ. ಹೀಗೆ ಕಂಪ್ಯೂಟರ್, ಸಿನಿಮಾ ಮತ್ತು ಬಾದಾಮಿ ಒಂದೇ ನೆಲದಿಂದ ಹೊರಟರೆ ನೆರೆಯವರು ಕರುಬುವುದು ಸಹಜ. ಆದರೆ ನೆರೆಯ ರಾಜ್ಯಗಳ ಭಾವನೆಯಲ್ಲಿ ಕರುಬಿನ ಜೊತೆಗೆ ಭಯವೂ ಬೆರೆತಿದೆ. 1971ರಲ್ಲಿಯೇ ಆರೆಗಾನ್ ರಾಜ್ಯದ ಗವರ್ನರ್ ಟಾಮ್ ಮೆಕಾಲ್, ಜನ ತಮ್ಮ ರಾಜ್ಯವನ್ನು ಮತ್ತೆ ಮತ್ತೆ ನೋಡಲು ಬರಲಿ, ಆದರೆ ನೆಲೆಸಲು ಮಾತ್ರ ಬರುವುದು ಬೇಡ ಎಂದು ಟೆಲಿವಿಷನ್ ಸಂದರ್ಶನದಲ್ಲಿ ಹೇಳಿದ್ದರು. ಟೆಕ್ಸಸ್ಸಿನಲ್ಲಿ ಕಾರಿನ ಹಿಂಬದಿಯ ಚೀಟಿಗಳು ಇಂದು ಅದೇ ಮಾತನ್ನು ಒರಟಾಗಿ ಹೇಳುತ್ತವೆ. ಕ್ಯಾಲಿಫೋರ್ನಿಯದವರು ಬಂದರೆ ಮನೆಯ ಬೆಲೆ ಏರುತ್ತದೆ, ಊರಿನ ರಾಜಕೀಯ ಬದಲಾಗುತ್ತದೆ ಎಂಬುದು ಆ ಆತಂಕದ ಸಾರ.

ಮುನಿಸಿನಲ್ಲಿ ಎರಡು ಬಗೆ. ಮೊದಲನೆಯದು ರಾಜಕೀಯ ಲಾಭಕ್ಕಾಗಿ ಬೆಳೆಸಿದ್ದು. ಬಲಪಂಥೀಯ ವೇದಿಕೆಗಳಲ್ಲಿ ಈ ರಾಜ್ಯದ ಹೆಸರು ಉದಾರವಾದದ ಸೋಲಿಗೆ ಪರ್ಯಾಯ ಪದವಾಗಿದೆ. 2025ರ ಜೂನ್ ತಿಂಗಳಲ್ಲಿ ಲಾಸ್ ಏಂಜಲೀಸಿನಲ್ಲಿ ವಲಸಿಗರ ಮೇಲೆ ದಾಳಿಗಳು ನಡೆದು ಜನ ಬೀದಿಗಿಳಿದಾಗ, ಗವರ್ನರ್ ವಿರೋಧಿಸಿದರೂ ಅಧ್ಯಕ್ಷರು ನ್ಯಾಷನಲ್ ಗಾರ್ಡ್ ಪಡೆಯನ್ನು ಅಲ್ಲಿಗೆ ಕಳುಹಿಸಿದ್ದು ಆ ಮುನಿಸಿನ ಅಧಿಕೃತ ರೂಪ. ಎರಡನೆಯ ಮುನಿಸು ಬಾಡಿಗೆ ಕಟ್ಟಲಾಗದೆ ಊರು ಬಿಟ್ಟವರದ್ದು. ಒಂಟಿ ಮನೆಯ ಮಧ್ಯಮ ಬೆಲೆ 2024ರಲ್ಲಿ 9 ಲಕ್ಷ ಡಾಲರ್ ದಾಟಿತು. ಅದೇ ವರ್ಷದ ಗಣತಿಯಂತೆ ರಾಜ್ಯದಲ್ಲಿ ಸೂರಿಲ್ಲದವರು ಸುಮಾರು 1 ಲಕ್ಷ 87 ಸಾವಿರ. ದೇಶದ ಜನಸಂಖ್ಯೆಯಲ್ಲಿ ಈ ರಾಜ್ಯದ ಪಾಲು ಎಂಟನೆಯ ಒಂದರಷ್ಟಿದ್ದರೆ, ಸೂರಿಲ್ಲದವರಲ್ಲಿ ಅದರ ಪಾಲು ಕಾಲುಭಾಗದ ಆಸುಪಾಸು. 2020ರ ಜನಗಣತಿಯ ನಂತರ, ರಾಜ್ಯವಾದ ಮೇಲೆ ಮೊದಲ ಬಾರಿಗೆ, ಕ್ಯಾಲಿಫೋರ್ನಿಯ ಸಂಸತ್ತಿನಲ್ಲಿ ಒಂದು ಸ್ಥಾನ ಕಳೆದುಕೊಂಡಿತು.

ಪ್ರಗತಿಪರರು ಮೊದಲನೆಯ ಮುನಿಸಿಗೆ ಉತ್ತರ ಕೊಡುವ ಭರದಲ್ಲಿ ಎರಡನೆಯದನ್ನು ಕೇಳಿಸಿಕೊಳ್ಳದೆ ಹೋಗುವುದುಂಟು. ಅದು ತಪ್ಪು. ಅಪಪ್ರಚಾರಕ್ಕೆ ಬಲ ಬರುವುದು ಅದರೊಳಗೆ ಸೇರಿಕೊಂಡ ನಿಜದಿಂದ. ಎಲ್ಲರನ್ನೂ ಕರೆಯುವ ನಾಡು, ಬಂದವರಿಗೆ ಮನೆಯನ್ನು ಮಾತ್ರ ಕೊಡಲಾರದು ಎಂಬುದು ಆ ನಿಜ. ಇದು ಹೇಗಾಯಿತು ಎಂದು ಕೇಳಿದರೆ ಚರಿತ್ರೆಯ ಕಡೆ ತಿರುಗಬೇಕಾಗುತ್ತದೆ.

1848ರ ಜನವರಿಯಲ್ಲಿ ಕೊಲೋಮಾ ಎಂಬಲ್ಲಿ ಮರದ ಕಾರ್ಖಾನೆಯ ನೀರುಗಾಲುವೆಯಲ್ಲಿ ಚಿನ್ನದ ಚೂರುಗಳು ಸಿಕ್ಕವು. ಮರುತಿಂಗಳು ಮೆಕ್ಸಿಕೊ ಒಪ್ಪಂದಕ್ಕೆ ಸಹಿಮಾಡಿ ಈ ನೆಲವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಆಗ ಇಲ್ಲಿದ್ದ ಮೂಲನಿವಾಸಿಗಳು ಸುಮಾರು ಒಂದೂವರೆ ಲಕ್ಷ. 1870ರ ವೇಳೆಗೆ ಉಳಿದವರು ಸುಮಾರು 30 ಸಾವಿರ. ರೋಗ ಮತ್ತು ಹಸಿವಿನ ಜೊತೆಗೆ ಸರ್ಕಾರದ ಹಣದಲ್ಲಿ ನಡೆದ ಬೇಟೆಗಳೂ ಅವರನ್ನು ಕೊಂದವು. 2019ರಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ಇದನ್ನು ನರಮೇಧವೆಂದೇ ಕರೆದು ಕ್ಷಮೆ ಕೇಳಿದರು. ಚಿನ್ನಕ್ಕಾಗಿ ತಾವೇ ಆಗಷ್ಟೇ ಬಂದಿಳಿದಿದ್ದ ಬಿಳಿಯರು 1850ರಲ್ಲಿ ‘ವಿದೇಶಿ’ ಗಣಿಗಾರರ ಮೇಲೆ ತೆರಿಗೆ ಹಾಕಿದರು. ಅದರ ಏಟು ಮೊದಲು ಮೆಕ್ಸಿಕನ್ನರಿಗೆ, ಆಮೇಲೆ ಚೀನೀಯರಿಗೆ ಬಿತ್ತು. ರೈಲುದಾರಿ ಕಟ್ಟಿದ ಅದೇ ಚೀನೀಯರನ್ನು ಹೊರಗಿಡುವ 1882ರ ಕೇಂದ್ರ ಕಾನೂನಿನ ಹಿಂದೆ ಕ್ಯಾಲಿಫೋರ್ನಿಯದ ರಾಜಕಾರಣದ ಒತ್ತಡವಿತ್ತು. 1913ರ ಭೂಕಾಯಿದೆಯು ಪೌರತ್ವಕ್ಕೆ ಅನರ್ಹರಾದ ಏಷ್ಯನ್ನರು ಹೊಲ ಕೊಳ್ಳದಂತೆ ತಡೆಯಿತು. 1936ರಲ್ಲಿ ಸರದಿ ಬಿಳಿಯ ಬಡವರದ್ದೇ ಆಯಿತು. ಬರದಿಂದ ಕಂಗೆಟ್ಟು ಒಕ್ಲಹೋಮದ ಕಡೆಯಿಂದ ಬರುತ್ತಿದ್ದ ರೈತರನ್ನು ತಡೆಯಲು ಲಾಸ್ ಏಂಜಲೀಸಿನ ಪೊಲೀಸರು ರಾಜ್ಯದ ಗಡಿಗಳಲ್ಲಿ ಕಾವಲು ನಿಂತರು. ಬಡವರನ್ನು ಗಡಿಯಲ್ಲಿ ತಡೆಯುವ ಹಕ್ಕು ಯಾವ ರಾಜ್ಯಕ್ಕೂ ಇಲ್ಲವೆಂದು ಸುಪ್ರೀಂ ಕೋರ್ಟು 1941ರಲ್ಲಿ ತೀರ್ಪು ಕೊಡಬೇಕಾಯಿತು.

ಈ ಸರಣಿಯಲ್ಲಿ ಒಂದು ಕ್ರಮ ಕಾಣುತ್ತದೆ. ಬಾಗಿಲಿನಿಂದ ಒಳಬಂದ ಪ್ರತಿಯೊಂದು ಗುಂಪಿನಲ್ಲಿಯೂ ಹಿಂದೆ ಬರುವವರಿಗೆ ಅದೇ ಬಾಗಿಲನ್ನು ಮುಚ್ಚುವವರು ಹುಟ್ಟಿಕೊಂಡರು. ಭಾರತೀಯರ ಪಾಲಿಗೆ ಇದು ಬರಿಯ ಉಪಮೆಯಾಗಿರಲಿಲ್ಲ. ವೈಷ್ಣೋದಾಸ್ ಬಾಗಾಯ್ ಮತ್ತು ಕಲಾ ಬಾಗಾಯ್ ದಂಪತಿ 1915ರಲ್ಲಿ ಮಕ್ಕಳೊಂದಿಗೆ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದರು. ಬರ್ಕ್ಲಿಯಲ್ಲಿ ಮನೆ ಕೊಂಡು ಸಾಮಾನುಗಳೊಡನೆ ಹೋದಾಗ, ಅವರು ಒಳಹೋಗದಂತೆ ನೆರೆಯವರು ಆ ಮನೆಗೆ ಬೀಗ ಜಡಿದಿದ್ದರು. ಕುಟುಂಬ ಹಿಂದಿರುಗಿತು. ವೈಷ್ಣೋದಾಸ್ ಪೌರತ್ವ ಪಡೆದರೂ, 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದ ತೀರ್ಪಿನ ನಂತರ ಅದನ್ನು ಕಿತ್ತುಕೊಳ್ಳಲಾಯಿತು. 1928ರಲ್ಲಿ ಅವರು ಪ್ರಾಣ ಬಿಟ್ಟುಕೊಟ್ಟರು. ಅವರು ಬರೆದಿಟ್ಟ ಪತ್ರವನ್ನು ಪತ್ರಿಕೆ ಪ್ರಕಟಿಸಿತು. ಬೀಗ ಜಡಿದ ಅದೇ ಬರ್ಕ್ಲಿ ನಗರವು ಸುಮಾರು ಒಂದು ಶತಮಾನದ ಬಳಿಕ ತನ್ನ ಮುಖ್ಯ ಬೀದಿಯೊಂದರ ಭಾಗಕ್ಕೆ ಕಲಾ ಬಾಗಾಯ್ ಅವರ ಹೆಸರಿಟ್ಟಿತು. ಪಂಜಾಬಿನಿಂದ ಬಂದು ಬರ್ಕ್ಲಿಯಲ್ಲಿ ಗಣಿತ ಓದಿ, ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯ ಮಾಡಿದ ದಲೀಪ್ ಸಿಂಗ್ ಸೌಂದ್ ಅವರು, 1946ರ ಕಾನೂನು ಭಾರತೀಯರಿಗೆ ಪೌರತ್ವದ ದಾರಿ ತೆರೆದ ಹತ್ತು ವರ್ಷಗಳಲ್ಲಿ ಅದೇ ಕಣಿವೆಯಿಂದ ಅಮೆರಿಕದ ಸಂಸತ್ತಿಗೆ ಆಯ್ಕೆಯಾದರು. ಕ್ಯಾಲಿಫೋರ್ನಿಯದ ಕ್ರೌರ್ಯವನ್ನೂ ತಿದ್ದಿಕೊಳ್ಳುವ ಗುಣವನ್ನೂ ಒಟ್ಟಿಗೆ ನೆನೆಯದೆ ಅದನ್ನು ಅರ್ಥಮಾಡಿಕೊಳ್ಳಲಾಗದು.

ಇಂದಿನ ಬಾಗಿಲಿಗೆ ಬೀಗವೂ ಬೇಡ, ಪೊಲೀಸರೂ ಬೇಡ. ತೆರಿಗೆ ಮತ್ತು ಜೋನಿಂಗ್ ನಿಯಮಗಳು ಸಾಕು. 1964ರಲ್ಲಿ ಮತದಾರರು, ಮನೆ ಮಾರುವಾಗ ಜನಾಂಗದ ಆಧಾರದಲ್ಲಿ ಭೇದ ಮಾಡಬಾರದೆಂಬ ಕಾನೂನನ್ನು ಪ್ರಪೊಸಿಷನ್ 14ರ ಮೂಲಕ ಭಾರೀ ಬಹುಮತದಿಂದ ತಳ್ಳಿಹಾಕಿದರು. 1967ರಲ್ಲಿ ಸುಪ್ರೀಂ ಕೋರ್ಟು ಆ ಜನಮತವನ್ನು ಅಸಿಂಧುವೆಂದಿತು. 1978ರ ಪ್ರಪೊಸಿಷನ್ 13 ಮಾತ್ರ ಇಂದಿಗೂ ಉಳಿದಿದೆ. ಅದರಂತೆ ಆಸ್ತಿ ತೆರಿಗೆಯ ಮೂಲ ದರ ಶೇಕಡಾ 1ನ್ನು ಮೀರುವಂತಿಲ್ಲ. ಮನೆ ಮಾರಾಟವಾಗುವವರೆಗೆ ಅದರ ತೆರಿಗೆ ಮೌಲ್ಯ ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚು ಏರುವಂತಿಲ್ಲ. ಉದಾಹರಣೆಗೆ, 1980ರಲ್ಲಿ 1 ಲಕ್ಷ ಡಾಲರಿಗೆ ಕೊಂಡ ಮನೆಯ ತೆರಿಗೆ ಮೌಲ್ಯ 45 ವರ್ಷಗಳ ನಂತರವೂ ಎರಡೂವರೆ ಲಕ್ಷದೊಳಗೇ ಇರುತ್ತದೆ. ಪಕ್ಕದ ಅಂಥದೇ ಮನೆಯನ್ನು ಇಂದು 12 ಲಕ್ಷಕ್ಕೆ ಕೊಂಡವರು ಐದು ಪಟ್ಟು ತೆರಿಗೆ ಕಟ್ಟುತ್ತಾರೆ. ಪಿಂಚಣಿಯ ಮೇಲೆ ಬದುಕುವ ವೃದ್ಧರು ಮನೆ ಕಳೆದುಕೊಳ್ಳಬಾರದೆಂಬ ನ್ಯಾಯವಾದ ಕಳವಳ ಈ ಕಾನೂನಿನ ಹಿಂದಿತ್ತು. ಆದರೆ ಅದರ ರಕ್ಷಣೆ ದೊಡ್ಡ ಕಂಪನಿಗಳ ಕಟ್ಟಡಗಳಿಗೂ ಸಿಕ್ಕಿತು. ಶಾಲೆಗಳಿಗೆ ಸ್ಥಳೀಯ ತೆರಿಗೆಯಿಂದ ಬರುತ್ತಿದ್ದ ಹಣ ಕುಸಿಯಿತು. ಒಂದು ನಿವೇಶನಕ್ಕೆ ಒಂದೇ ಮನೆ ಎಂಬ ಜೋನಿಂಗ್ ನಿಯಮ ಇದಕ್ಕೆ ಜೊತೆಯಾಯಿತು. ಅಂಥ ನಿಯಮವನ್ನು ಮೊದಮೊದಲು ತಂದ ನಗರಗಳಲ್ಲಿ ಬರ್ಕ್ಲಿಯೂ ಒಂದು, ವರ್ಷ 1916. ಮನೆ ಇರುವವರಿಗೆ ಕೊರತೆಯೇ ಸಂಪತ್ತಾದಾಗ, ಹೊಸ ಮನೆಗಳಿಗೆ ವಿರೋಧ ಬರುವುದು ಆಶ್ಚರ್ಯವಲ್ಲ.

ವಲಸಿಗರಾಗಿ ಬಂದು ಮನೆ ಕೊಂಡ ಕನ್ನಡಿಗರೂ ಈ ಲೆಕ್ಕದ ಫಲಾನುಭವಿಗಳೇ. ಗಡಿಯಲ್ಲಿ ಗೋಡೆ ಕಟ್ಟುವವರನ್ನು ಖಂಡಿಸುವ ಸಜ್ಜನರು ತಮ್ಮ ಬೀದಿಯ ಕೊನೆಯಲ್ಲಿ ಬಾಡಿಗೆ ಮನೆಗಳ ಕಟ್ಟಡ ಬರುತ್ತದೆಂದಾಗ ನಗರಸಭೆಯಲ್ಲಿ ಯಾವ ಪಕ್ಷ ವಹಿಸುತ್ತಾರೆ ಎಂಬುದು ಅವರ ಪ್ರಗತಿಪರತೆಯ ನಿಜವಾದ ಪರೀಕ್ಷೆ.

ಇನ್ನೊಂದು ಪರೀಕ್ಷೆ 2023ರಲ್ಲಿ ಎದುರಾಯಿತು. ಸೆನೆಟರ್ ಆಯಿಷಾ ವಹಾಬ್ ಅವರು ಜಾತಿ ತಾರತಮ್ಯವನ್ನು ಸ್ಪಷ್ಟವಾಗಿ ನಿಷೇಧಿಸುವ ಮಸೂದೆಯನ್ನು ತಂದರು. ಕ್ಯಾಲಿಫೋರ್ನಿಯ ರಾಜ್ಯ ವಿಶ್ವವಿದ್ಯಾಲಯ 2022ರಲ್ಲಿಯೇ ತನ್ನ ನಿಯಮಗಳಿಗೆ ಜಾತಿಯನ್ನು ಸೇರಿಸಿತ್ತು. ಶಾಸನಸಭೆಯ ಎರಡೂ ಮನೆಗಳು ಮಸೂದೆಯನ್ನು ಒಪ್ಪಿದವು. ಅಕ್ಟೋಬರ್ 7ರಂದು ಗವರ್ನರ್, ಈಗಿರುವ ಕಾನೂನುಗಳೇ ಸಾಕು ಎಂದು ಹೇಳಿ ಅದಕ್ಕೆ ವೀಟೊ ಹಾಕಿದರು. ಅದನ್ನು ವಿರೋಧಿಸಿದವರಲ್ಲಿ ಭಾರತೀಯ ಮೂಲದ ಸಂಘಟನೆಗಳು ಮುಂಚೂಣಿಯಲ್ಲಿದ್ದವು. ಬೆಂಬಲಿಸಿ ಉಪವಾಸ ಕುಳಿತವರಲ್ಲಿಯೂ ಭಾರತೀಯ ಮೂಲದವರಿದ್ದರು. ಇಲ್ಲಿ ಥಿಂಡ್ ಪ್ರಕರಣವನ್ನು ಮತ್ತೆ ನೆನೆಯಬೇಕು. ತಾನು ಮೇಲ್ಜಾತಿಯ ಆರ್ಯನಾದ್ದರಿಂದ ಬಿಳಿಯರ ಸಾಲಿಗೆ ಸೇರುತ್ತೇನೆ ಎಂಬುದು 1923ರಲ್ಲಿ ಥಿಂಡ್ ಪರವಾದ ವಾದಗಳಲ್ಲೊಂದಾಗಿತ್ತು. ಜಾತಿಯನ್ನು ಏಣಿಯಾಗಿಸಿಕೊಂಡು ವರ್ಣಭೇದದ ಗೋಡೆಯನ್ನು ಹತ್ತಲು ಮಾಡಿದ ಆ ಯತ್ನ ಸೋತಿತು. ಸೋಲಿನ ದಂಡವನ್ನು ಬಾಗಾಯ್ ಅವರಂಥವರೆಲ್ಲ ತೆತ್ತರು. ನೂರು ವರ್ಷಗಳ ನಂತರ ಅದೇ ಸಮುದಾಯದ ಒಂದು ಭಾಗ, ಜಾತಿಯ ಹೆಸರೆತ್ತುವುದೇ ಅವಮಾನವೆಂದಿತು. ಬಸವಣ್ಣನ ನಾಡಿನಿಂದ ಬಂದವರಿಗೆ ಈ ವಾದದ ಟೊಳ್ಳು ಬೇಗ ಕಾಣಬೇಕಿತ್ತು.

ಕ್ಯಾಲಿಫೋರ್ನಿಯದ ಕತೆ ಬೆಂಗಳೂರನ್ನೂ ನೆನಪಿಸುತ್ತದೆ. ‘ಭಾರತದ ಸಿಲಿಕಾನ್ ವ್ಯಾಲಿ’ ಎಂಬ ಬಿರುದಿನೊಂದಿಗೆ ಅಲ್ಲಿನ ಒಲವು, ಅಸೂಯೆ, ಮುನಿಸುಗಳೂ ಈ ನಗರಕ್ಕೆ ಬಂದಿವೆ. 2024ರ ಜುಲೈನಲ್ಲಿ ಕರ್ನಾಟಕ ಸರ್ಕಾರ ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ನೀಡುವ ಮಸೂದೆಯನ್ನು ಸಂಪುಟದಲ್ಲಿ ಒಪ್ಪಿ, ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ಆಗ ವಿದೇಶದಲ್ಲಿರುವ ಕನ್ನಡಿಗರ ಸ್ಥಿತಿ ವಿಚಿತ್ರವಾಗಿತ್ತು: ಒಂದೂರಲ್ಲಿ ಹೊರಗಿನವರು, ಇನ್ನೊಂದೂರಲ್ಲಿ ಮನೆಯವರು. ಎರಡು ಕಡೆಯೂ ಒಂದೇ ಅಳತೆಗೋಲು ಹಿಡಿಯುವುದು ಸಾಧ್ಯವೇ? ಒಂದು ಮಟ್ಟಿಗೆ ಸಾಧ್ಯ. ನೆಲದ ಭಾಷೆಗೆ ಗೌರವ ಕೇಳುವುದು ನ್ಯಾಯ. ಬಂದವನ ಅನ್ನಕ್ಕೆ ಕಲ್ಲು ಹಾಕುವುದು ಅನ್ಯಾಯ. ಕ್ಯಾಲಿಫೋರ್ನಿಯವೂ ಇದನ್ನು ತಡವಾಗಿ ಕಲಿಯಿತು. 1998ರಲ್ಲಿ ಪ್ರಪೊಸಿಷನ್ 227ರ ಮೂಲಕ ಶಾಲೆಗಳ ದ್ವಿಭಾಷಾ ಬೋಧನೆಯನ್ನು ಬಹುಪಾಲು ನಿಲ್ಲಿಸಿದ ಮತದಾರರು 2016ರಲ್ಲಿ ಪ್ರಪೊಸಿಷನ್ 58ರ ಮೂಲಕ ಅದಕ್ಕೆ ಮತ್ತೆ ದಾರಿ ಬಿಟ್ಟರು. ದಾಖಲೆಯಿಲ್ಲದ ವಲಸಿಗರಿಗೆ ಶಾಲೆ, ಆಸ್ಪತ್ರೆಗಳನ್ನು ನಿರಾಕರಿಸಿದ 1994ರ ಪ್ರಪೊಸಿಷನ್ 187 ಜನಮತ ಗೆದ್ದರೂ ನ್ಯಾಯಾಲಯದಲ್ಲಿ ನಿಂತುಹೋಯಿತು. ಅದರಿಂದ ಕೆರಳಿದ ವಲಸಿಗ ಕುಟುಂಬಗಳ ಮಕ್ಕಳು ಮತಪಟ್ಟಿಗೆ ಸೇರಿ ರಾಜ್ಯದ ರಾಜಕೀಯವನ್ನೇ ತಿರುಗಿಸಿದರು.

ಆದ್ದರಿಂದ ಈ ರಾಜ್ಯವನ್ನು ಹೊಗಳುವುದು ಅಥವಾ ತೆಗಳುವುದಕ್ಕಿಂತ ಅದು ಯಾರ ಪಾಲಿಗೆ ಎಷ್ಟು ತೆರೆದಿದೆ ಎಂದು ಕೇಳುವುದು ಉಪಯುಕ್ತ. ಬಾದಾಮಿ ತೋಟದ ಕೂಲಿಗೆ, ಎರಡು ಗಂಟೆ ದೂರದಿಂದ ಬಂದು ತಂತ್ರಜ್ಞಾನ ಕಚೇರಿಯ ನೆಲ ಒರೆಸುವವಳಿಗೆ, ಸಹೋದ್ಯೋಗಿಗಳ ನಡುವೆ ಅಡ್ಡಹೆಸರು ಮರೆಮಾಚುವ ದಲಿತ ಎಂಜಿನಿಯರನಿಗೆ, ಮೂಲನಿವಾಸಿಯ ಮೊಮ್ಮಗಳಿಗೆ ಅದು ಒಂದೇ ಕ್ಯಾಲಿಫೋರ್ನಿಯವಲ್ಲ. ಮತದಾನದ ಹಕ್ಕು ಪಡೆದ ಅನಿವಾಸಿ ಕನ್ನಡಿಗರು ಮುಂದಿನ ಜನಮತಪತ್ರವನ್ನು ಕೈಗೆತ್ತಿಕೊಂಡಾಗ ಈ ನಾಲ್ವರನ್ನು ನೆನೆಯಲಿ. ಆ ನಾಡನ್ನು ಪ್ರೀತಿಸುತ್ತೇವೆ ಎನ್ನುವವರಿಂದ ಅದಕ್ಕೆ ಸಲ್ಲಬೇಕಾದದ್ದು ಅದು.