ಪಕ್ಕದಲ್ಲಿ ಕೂತ ಸಹಪಾಠಿ
(ಸಂತ ಮಹಾ ಆಲ್ಬರ್ಟರ ಹಬ್ಬದ ಪ್ರಬೋಧನೆ)



ನವೆಂಬರ್ 15 ಸಂತ ಮಹಾ ಆಲ್ಬರ್ಟರ ಹಬ್ಬ. 1280ರಲ್ಲಿ ಇದೇ ದಿನ ಅವರು ಜರ್ಮನಿಯ ಕೊಲೋನ್ ನಗರದಲ್ಲಿ ತೀರಿಕೊಂಡರು. ಗಿಡಮರ, ಪ್ರಾಣಿ, ಖನಿಜಗಳನ್ನು ಕಣ್ಣಾರೆ ಕಂಡು ಗ್ರಂಥ ಬರೆದ ಗುರು ಅವರು. 1931ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಸಾರಿತು. 1941ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸ್‌ರವರು ಅವರನ್ನು ನಿಸರ್ಗ ವಿಜ್ಞಾನಿಗಳ ಪಾಲಕ ಸಂತರೆಂದು ಘೋಷಿಸಿದರು. ಅವರ ತರಗತಿಯಲ್ಲಿ ಕೂತಿದ್ದ ಒಬ್ಬ ಹುಡುಗನ ಕಥೆಯನ್ನು ಇಂದು ಹೇಳಬೇಕೆಂದಿದ್ದೇನೆ.

1248ರಲ್ಲಿ ಡೊಮಿನಿಕನ್ ಸಭೆಯ ವಿದ್ಯಾಪೀಠ ಆರಂಭಿಸಲು ಆಲ್ಬರ್ಟರು ಕೊಲೋನಿಗೆ ಹೋದಾಗ ಇಟಲಿಯ ಯುವಕನೊಬ್ಬ ಅವರ ಶಿಷ್ಯನಾಗಿದ್ದ. ದಪ್ಪ ಮೈ, ಕಡಿಮೆ ಮಾತು. ಸಹಪಾಠಿಗಳು 'ಮೂಕ ಎತ್ತು' ಎಂದು ಅಡ್ಡಹೆಸರಿಟ್ಟರು. ಪರಂಪರೆ ಹೇಳುವಂತೆ, ಅವರಲ್ಲೊಬ್ಬನಿಗೆ ಕನಿಕರ ಹುಟ್ಟಿ ಅಂದಿನ ಪಾಠ ಹೇಳಿಕೊಡಲು ಬಂದ. ಯುವಕ ಸುಮ್ಮನೆ, ಕೃತಜ್ಞತೆಯಿಂದ ಕೇಳಿದ. ಒಂದು ಕಷ್ಟದ ಜಾಗದಲ್ಲಿ ಹೇಳಿಕೊಡುವವನೇ ತಡವರಿಸಿದಾಗ ಈ ಮೂಕ ಎತ್ತು ಮೆಲ್ಲಗೆ ಬಾಯಿ ತೆರೆದು ಅದನ್ನು ಬಿಡಿಸಿ ಹೇಳಿತು! ಈ ಎತ್ತಿನ ಕೂಗನ್ನು ಮುಂದೆ ಲೋಕವೇ ಕೇಳುತ್ತದೆ ಎಂದು ಆಲ್ಬರ್ಟರು ಎಲ್ಲರೆದುರು ಹೇಳಿದರಂತೆ. ಆ ಯುವಕನೇ ಸಂತ ಥಾಮಸ್ ಅಕ್ವಿನಾಸ್.

ಗುರುಗಳ ಮಾತನ್ನು ಎಲ್ಲರೂ ನೆನಪಿಡುತ್ತಾರೆ. ನನಗೆ ಮಾತ್ರ ಹೆಸರಿಲ್ಲದ ಆ ಸಹಪಾಠಿಯ ಮೇಲೆ ಹೆಚ್ಚು ಪ್ರೀತಿ. ಅವನು ಪಕ್ಕದಲ್ಲಿ ಬಂದು ಕೂರದಿದ್ದರೆ ಥಾಮಸರಿಗೆ ಬಾಯಿ ಬಿಡುವ ಸಂದರ್ಭವೇ ಬರುತ್ತಿರಲಿಲ್ಲ.

ಈಗ ನಮ್ಮ ಮನೆಗಳಿಗೆ ಬರೋಣ. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ, ಒಳ್ಳೆಯ ಅಂಕ ತೆಗೆದ ಹುಡುಗಿ ಪಿಯುಸಿ ವಿಜ್ಞಾನಕ್ಕೆ ಸೇರುತ್ತಾಳೆ. ಅವಳು ಕಲಿತ 'ವೇಗೋತ್ಕರ್ಷ' ಅಲ್ಲಿ 'ಆಕ್ಸಿಲರೇಷನ್'. 'ದ್ಯುತಿಸಂಶ್ಲೇಷಣೆ' ಅಲ್ಲಿ 'ಫೋಟೊಸಿಂಥೆಸಿಸ್'. ಲ.ಸಾ.ಅ. ಕೂಡ ಎಲ್‌ಸಿಎಂ ಆಗಿದೆ. ವಿಷಯ ಅವಳಿಗೆ ಗೊತ್ತಿದೆ. ಗೊತ್ತಿದೆ ಎಂಬುದೇ ಅವಳಿಗೆ ತಿಳಿಯುವುದಿಲ್ಲ. ಅಷ್ಟರಲ್ಲಿ ಬೋರ್ಡು ಅಳಿಸಿಯಾಗಿರುತ್ತದೆ. ಎದ್ದು ನಿಂತು ಕೇಳೋಣವೆಂದರೆ ಇಂಗ್ಲಿಷಿನಲ್ಲಿ ಕೇಳಬೇಕು. ಮೌನ ಅಲ್ಲಿಂದ ಶುರು. ಮಧ್ಯವಾರ್ಷಿಕ ಪರೀಕ್ಷೆಯ ಅಂಕ ಮನೆಗೆ ಬಂದಾಗ ನಾವು ಏನು ಹೇಳುತ್ತೇವೆ? "ಎಸ್ಸೆಸ್ಸೆಲ್ಸಿಯಲ್ಲಿ ಅಷ್ಟು ತೆಗೆದವಳಿಗೆ ಈಗೇನು ಬಂತು? ಎಲ್ಲಾ ಆ ಮೊಬೈಲಿನಿಂದ!"

1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೀಸ್‌ಮನ್ ಎಂಬವರು ಇಂಥದೇ ಪ್ರಶ್ನೆ ಹಿಡಿದು ಹೊರಟರು. ಕ್ಯಾಲ್ಕುಲಸ್ ತರಗತಿಯಲ್ಲಿ ಕಪ್ಪು ವರ್ಣೀಯ ವಿದ್ಯಾರ್ಥಿಗಳು ಏಕೆ ಸೋಲುತ್ತಾರೆ? ಆಸಕ್ತಿಯಿಲ್ಲ, ತಳಪಾಯವಿಲ್ಲ, ಮನೆಯವರ ಬೆಂಬಲವಿಲ್ಲ ಎಂದರು ಅಧ್ಯಾಪಕರು. ಟ್ರೀಸ್‌ಮನ್ ಆ ವಿದ್ಯಾರ್ಥಿಗಳ ಜೊತೆಗೇ ಓಡಾಡಿ ನೋಡಿದರು. ಅಧ್ಯಾಪಕರ ಊಹೆಗಳು ನಿಲ್ಲಲಿಲ್ಲ. ಆ ಮಕ್ಕಳು ಶ್ರದ್ಧೆಯಿಂದಲೇ ಓದುತ್ತಿದ್ದರು. ಆದರೆ ಒಬ್ಬೊಬ್ಬರೇ ಕೋಣೆಯಲ್ಲಿ ಕೂತು. ಚೀನಾ ಮೂಲದ ವಿದ್ಯಾರ್ಥಿಗಳು ತಾವು ಮಾಡಿದ ಲೆಕ್ಕಗಳನ್ನು ಸಂಜೆ ಒಟ್ಟಿಗೆ ಸೇರಿ ಹೋಲಿಸುತ್ತಿದ್ದರು, ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಯಾರಿಗೂ ಉತ್ತರ ಬರದಿದ್ದರೆ ಲೆಕ್ಕವೇ ಕಷ್ಟದ್ದೆಂದು ಅವರಿಗೆ ತಿಳಿಯುತ್ತಿತ್ತು. ಒಂಟಿಯಾಗಿ ಕೂತವನಿಗೆ ಅದು ಹೇಗೆ ತಿಳಿಯಬೇಕು? ತಾನೇ ದಡ್ಡ ಅಂದುಕೊಳ್ಳುತ್ತಾನೆ. ಟ್ರೀಸ್‌ಮನ್ ಈ ಮಕ್ಕಳನ್ನೂ ಗುಂಪಾಗಿ ಕೂರಿಸಿದರು. ಸುಲಭದ್ದನ್ನಲ್ಲ, ಕಷ್ಟದ ಲೆಕ್ಕಗಳನ್ನೇ ಕೊಟ್ಟರು. ಅದನ್ನು ಹಿಂದುಳಿದವರ ತರಗತಿ ಎಂದು ಕರೆಯಲಿಲ್ಲ. ಅದರಲ್ಲಿ ಸೇರಿದವರ ಫಲಿತಾಂಶ ಗಣನೀಯವಾಗಿ ಮೇಲೇರಿತು.

"ಟ್ಯೂಷನ್ ಹಾಕಿಸಿದ್ದೇವಲ್ಲ ಫಾದರ್" ಎನ್ನುವಿರಿ. ಟ್ಯೂಷನ್ ಬೇಡವೆನ್ನುವುದಿಲ್ಲ. ಆದರೆ ಅರವತ್ತು ಮಕ್ಕಳ ಟ್ಯೂಷನ್ ಎಂದರೆ ಅವಳು ಮೌನವಾಗಿ ಕೂರಲು ಇನ್ನೊಂದು ಕೋಣೆ, ಅಷ್ಟೆ.

"ಫಿಸಿಕ್ಸ್ ಹೇಳಿಕೊಡಲು ನಮಗೇನು ಬರುತ್ತದೆ?" ಎಂದು ಕೇಳುವ ತಾಯಂದಿರೂ ಇದ್ದೀರಿ. ಲೂಕನ ಶುಭಸಂದೇಶ ನೆನೆಯಿರಿ. ಹನ್ನೆರಡು ವರ್ಷದ ಬಾಲಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕೂತು ಕೇಳುತ್ತಾ, ಪ್ರಶ್ನಿಸುತ್ತಾ ಇದ್ದಾಗ, ಮೂರು ದಿನ ಹುಡುಕಿ ಬಳಲಿದ ಮಾತೆ ಮರಿಯಮ್ಮನವರು 'ಹೀಗೇಕೆ ಮಾಡಿದೆ' ಎಂದು ಕೇಳಿದರು. ಸಿಕ್ಕ ಉತ್ತರ ಅವರಿಗೆ ಅರ್ಥವಾಗಲಿಲ್ಲ. ಆದರೂ ಅದನ್ನು ಹೃದಯದಲ್ಲಿಟ್ಟುಕೊಂಡರು. ಮಗಳ ಪಾಠ ನಿಮಗೆ ಅರ್ಥವಾಗಬೇಕಿಲ್ಲ. "ಇವತ್ತು ಯಾವುದು ಗೊತ್ತಾಗಲಿಲ್ಲ?" ಎಂದು ಊಟದ ಹೊತ್ತಿಗೆ ಕೇಳಿ, ಅವಳು ಹೇಳಿ ಮುಗಿಸುವ ತನಕ ಕಾಯಿರಿ.

ಒಂದು ಕಠಿಣ ಮಾತನ್ನೂ ಹೇಳಬೇಕು. ಸರ್ಕಾರದ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು, ತಮ್ಮ ಕೈಯಿಂದಲೇ. ಕಾರಣಗಳು ಹಲವು, ಓದೊಂದೇ ಅಲ್ಲ. ಮಗು ಊಟ ಬಿಟ್ಟರೆ, ನಿದ್ದೆ ಕೆಟ್ಟರೆ, "ನಾನಿಲ್ಲದಿದ್ದರೆ ನಿಮಗೇ ಒಳ್ಳೆಯದು" ಎಂದರೆ ಅದನ್ನು ನಾಟಕವೆನ್ನಬೇಡಿ. ಜಪಸರ ಹೇಳಿ, ಜೊತೆಗೆ ವೈದ್ಯರ ಬಳಿಗೂ ಕರೆದುಕೊಂಡು ಹೋಗಿ. 14416 ಸಂಖ್ಯೆಗೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಹಗಲಿರುಳು ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಅಂಕದ ವಿಷಯಕ್ಕೆ ಬಂದರೆ, ದ್ವಿತೀಯ ಪಿಯುಸಿ ವಾರ್ಷಿಕ ಪರೀಕ್ಷೆಯನ್ನು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬರೆಯುವ ವ್ಯವಸ್ಥೆ 2024ರಲ್ಲಿ ಬಂದಿದೆ. ಒಂದು ಸಲ ಫೇಲಾದರೆ ಬಾಗಿಲು ಮುಚ್ಚುವುದಿಲ್ಲ ಎಂದು ಮಕ್ಕಳಿಗೆ ಮೊದಲೇ ತಿಳಿಸಿ.

ನಮ್ಮ ಸಭಾಂಗಣ ಮದುವೆಗಳಿಲ್ಲದ ದಿನ ಬೀಗ ಹಾಕಿಯೇ ಇರುತ್ತದೆ. ಪಾಲನಾ ಸಮಿತಿಯವರು ಒಪ್ಪಿದ್ದಾರೆ: ಸೋಮವಾರ, ಬುಧವಾರ, ಶುಕ್ರವಾರ ಸಂಜೆ 6ರಿಂದ 8ರವರೆಗೆ ಅದು ಪಿಯುಸಿ ಮತ್ತು ಪದವಿ ವಿದ್ಯಾರ್ಥಿಗಳಿಗೆ. ಶುಲ್ಕವಿಲ್ಲ. ಯಾವ ಧರ್ಮದ ಮಕ್ಕಳೂ ಬರಬಹುದು. ನಿವೃತ್ತ ಶಿಕ್ಷಕಿಯೊಬ್ಬರು ಆಗಲೇ ಹೆಸರು ಕೊಟ್ಟಿದ್ದಾರೆ. ಬಿ.ಎಸ್ಸಿ. ಓದುತ್ತಿರುವವರು ಇಬ್ಬರಾದರೂ ಬೇಕು, ಪಾಠ ಮಾಡಲು ಅಲ್ಲ, ಪಕ್ಕದಲ್ಲಿ ಕೂರಲು. ಪೂಜೆ ಮುಗಿದ ಮೇಲೆ ನಾನು ಬಾಗಿಲ ಬಳಿ ಪುಸ್ತಕ ಹಿಡಿದು ನಿಂತಿರುತ್ತೇನೆ, ಹೆಸರು ಬರೆಸಿ. ಹಾಗೆಯೇ ಯಾರ ಮನೆಯಲ್ಲಾದರೂ ಹಳೆಯ ಕಪ್ಪುಹಲಗೆ ಇದ್ದರೆ ತಿಳಿಸಿ.